ಹಂಚಿನ ಮಾಡಿನ ಕೆಳಗಿನ ಲೆಕ್ಕ

1834ರ ಅಕ್ಟೋಬರ್ 30ರಂದು ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನ ಹೆಬಿಕ್, ಲೇನರ್, ಗ್ರೈನರ್ ಅವರನ್ನು ನೆನೆಯದ ಸ್ಮರಣ ಸಂಚಿಕೆ ನಮ್ಮ ಕರಾವಳಿಯ ಸಭೆಗಳಲ್ಲಿ ಇರಲಾರದು. ಶಾಲೆ, ಮುದ್ರಣಾಲಯ, ಮಂಗಳೂರ ಸಮಾಚಾರ, ಕಿಟೆಲರ ನಿಘಂಟು ಎಲ್ಲವೂ ನಮಗೆ ಬಾಯಿಪಾಠ. ಸಂಪಾದಕರು ನನಗೆ ಕೊಟ್ಟದ್ದು ಬೇರೆ ವಿಷಯ: ಕ್ರೈಸ್ತ ಪಾರುಪತ್ಯ. ಆ ಮಾತು ಕಿವಿಗೆ ಬಿದ್ದರೆ ನಮ್ಮವರ ಕೈ ಜೇಬಿಗೆ ಹೋಗುತ್ತದೆ. ದಶಮಾಂಶ, ತಿಂಗಳ ಚಂದಾ, ಬೆಳೆಹಬ್ಬದ ಹರಾಜು, ಅಷ್ಟೇ. ಬಾಸೆಲ್ ಮಿಶನ್ನಿನವರಿಗೆ ಅದು ಕಾಣಿಕೆ ಚೀಲದಲ್ಲಿ ಮುಗಿಯುವ ಸಂಗತಿಯಾಗಿರಲಿಲ್ಲ. ಮಗ್ಗದಲ್ಲೂ ಆವೆಮಣ್ಣಿನಲ್ಲೂ ಅಂಗಡಿಯ ಲೆಕ್ಕದ ಪುಸ್ತಕದಲ್ಲೂ ಅವರು ಅದನ್ನೇ ಹುಡುಕಿದರು.

ಅದಕ್ಕೆ ಕಾರಣವಿದೆ. 1815ರಲ್ಲಿ ಸ್ವಿಜರ್ಲೆಂಡಿನ ಬಾಸೆಲಿನಲ್ಲಿ ಹುಟ್ಟಿದ ಈ ಮಿಶನ್ನಿಗೆ ಬಂದವರಲ್ಲಿ ಹೆಚ್ಚಿನವರು ದಕ್ಷಿಣ ಜರ್ಮನಿಯ ವ್ಯೂರ್ಟೆಂಬರ್ಗಿನ ರೈತರ, ಕೈಕಸುಬಿನವರ ಮಕ್ಕಳು. ಸಮಯ, ಮೈಬಲ, ಜಾಣ್ಮೆ ಯಾವುದೂ ತಮ್ಮದಲ್ಲ, ದೇವರು ವಹಿಸಿಕೊಟ್ಟದ್ದು ಎಂಬುದು ಅವರು ತೊಟ್ಟಿಲಲ್ಲೇ ಕೇಳಿದ ಪಾಠ. ಸೋಮಾರಿತನ ಅವರ ಕಣ್ಣಿಗೆ ಕಳ್ಳತನಕ್ಕೆ ಸಮ.

ಆದರೆ ಇಲ್ಲಿ ಕಾರ್ಖಾನೆಗಳು ಎದ್ದದ್ದು ಉಪದೇಶಕ್ಕಿಂತ ಹೆಚ್ಚಾಗಿ ಹೊಟ್ಟೆಯ ಪ್ರಶ್ನೆಯಿಂದ. ದೀಕ್ಷಾಸ್ನಾನ ಪಡೆದವನಿಗೆ ಮನೆಯ ಬಾಗಿಲು ಮುಚ್ಚುತ್ತಿತ್ತು. ಮತ ಬದಲಿಸಿದವನ ಆಸ್ತಿಯ ಹಕ್ಕನ್ನು ಕಾಯುವ ಕಾನೂನು ಬಂದದ್ದೇ 1850ರಲ್ಲಿ. ಬಿಲ್ಲವರಿಂದ ಬಂದವರ ಪಾಡು ಇನ್ನೂ ಇಕ್ಕಟ್ಟಿನದು. ಕಳ್ಳು ಇಳಿಸುವುದು ಕುಲಕಸುಬು. ಮಿಶನ್ನಿನವರು ಅದನ್ನು ಪಾಪವೆಂದರು. ಬಿಡು ಎಂದವರು ಬೇರೆ ದಾರಿ ತೋರಿಸಬೇಡವೇ? ಗಡಿಯಾರದ ಕೆಲಸ ಕಲಿಸಿ ನೋಡಿದರು, ಬೇಸಾಯ ಮಾಡಿಸಿ ನೋಡಿದರು, ಕೈಗೂಡಲಿಲ್ಲ. ನೇಯ್ಗೆ ಕೈಹಿಡಿಯಿತು. 1851ರಲ್ಲಿ ಬಂದ ಯೋಹಾನ್ ಹಾಲರ್ ಹೊಸ ಮಗ್ಗಗಳನ್ನು ಹಾಕಿಸಿ ಬಣ್ಣದ ಪ್ರಯೋಗಕ್ಕೆ ಇಳಿದ. ಖಾಕಿ ಬಣ್ಣ ಅವನ ಕೈಯಲ್ಲೇ ಹುಟ್ಟಿತೆಂದು ಮಂಗಳೂರಿನವರು ಇಂದಿಗೂ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಮುದ್ರಣಾಲಯದಲ್ಲಿದ್ದ ಗಿಯೋರ್ಗ್ ಪ್ಲೆಬ್ಸ್ಟ್ ನೇತ್ರಾವತಿ ದಂಡೆಯ ಜೇಡಿಯನ್ನು ಪರೀಕ್ಷಿಸಿ 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಕುದ್ರೋಳಿ, ಮಲ್ಪೆ, ಕೇರಳದ ಫರೋಕ್ ಬಳಿಕ ಬಂದವು. ಮುಳಿಹುಲ್ಲು, ಮಡಲು ಹೊದೆಸುತ್ತಿದ್ದ ಕರಾವಳಿಯ ಮಾಡು ಕೆಂಪಾಯಿತು.

ಕೆಲಸ ಪ್ರಾರ್ಥನೆಯಿಂದ ಮೊದಲಾಗುತ್ತಿತ್ತು, ಭಾನುವಾರ ಭಟ್ಟಿಗೂ ವಿಶ್ರಾಂತಿ. ಆದರೆ ಇದಕ್ಕೆಲ್ಲ ಹಣ ಎಲ್ಲಿಂದ? ಒಂದು ಭಾಗ 1859ರಲ್ಲಿ ಪಾಲುಬಂಡವಾಳದಿಂದ ಕಟ್ಟಿದ ವ್ಯಾಪಾರ ಕಂಪನಿಯ ಲಾಭದಿಂದ. ಇನ್ನೊಂದು ಮೂಲದ ಕಥೆಯೇ ನನಗೆ ಹೆಚ್ಚು ಇಷ್ಟ. ಬಾಸೆಲಿನ ರೇಷ್ಮೆ ರಿಬ್ಬನ್ ಕಾರ್ಖಾನೆದಾರ ಕಾರ್ಲ್ ಸರಾಸಿನ್ 1850ರ ದಶಕದಲ್ಲಿ ವಾರಕ್ಕೆ ಅರ್ಧ ಬಾಟ್ಸೆನ್, ಎಂದರೆ ಐದು ರಾಪ್ಪೆನ್, ಎತ್ತುವ ಪದ್ಧತಿ ಹಾಕಿದ. ಮನೆಗೆಲಸದ ಹೆಂಗಸರು, ಕೂಲಿಯವರು ಕೊಟ್ಟ ಚಿಲ್ಲರೆ ಸಮುದ್ರ ದಾಟಿ ನಮ್ಮೂರಿಗೆ ಬಂತು. ಕಡಲಿನ ಎರಡೂ ಕಡೆ ಬೆವರಿದವರು ಬಡವರೇ. ಇಲ್ಲಿಯವರಿಗೆ ಆ ಹೆಂಗಸರು ಯಾರೆಂದು ಗೊತ್ತಿರಲಿಲ್ಲ, ಅವರಿಗೆ ಇವರು ಯಾರೆಂದೂ.

ಬರೀ ಹೊಗಳಿ ಮುಗಿಸುವುದು ಸ್ಮರಣ ಸಂಚಿಕೆಗಳ ಹಳೆಯ ರೋಗ. ಪಾರುಪತ್ಯವನ್ನು ಇಷ್ಟು ಚೆನ್ನಾಗಿ ಕಲಿಸಿದವರು ಬೀಗದ ಕೈಗೊಂಚಲನ್ನು ಮಾತ್ರ ತಮ್ಮ ಸೊಂಟದಲ್ಲೇ ಇಟ್ಟುಕೊಂಡರು. ನಮ್ಮ ಹಿರಿಯರು ಹಂಚು ಒತ್ತಿದರು, ಮೇಸ್ತ್ರಿಯಾದರು, ಗುಮಾಸ್ತರಾದರು. ಲಾಭ ಎಲ್ಲಿಗೆ ಹೋಗಬೇಕೆಂದು ಹೇಳುವ ಮೇಜಿನ ಬಳಿ ಅವರಿಗೆ ಕುರ್ಚಿ ಇರಲಿಲ್ಲ. ಕೂಲಿ ಕೊಡುವವರೂ ಮಿಶನರಿಗಳೇ, ಸಭಾ ಶಿಸ್ತು ನಡೆಸುವವರೂ ಅವರೇ ಆದಾಗ ಸಭೆಯಲ್ಲಿ ಎದುರಾಡಲು ಎಷ್ಟು ಜನರಿಗೆ ಧೈರ್ಯವಿದ್ದೀತು? ಹರ್ಮನ್ ಆನಂದರಾವ್ ಕೌಂಡಿನ್ಯರಂಥ ಅಪವಾದಗಳಿದ್ದವು. ಮಂಗಳೂರಿನ ಈ ಸಾರಸ್ವತ ತರುಣ 1844ರಲ್ಲಿ ದೀಕ್ಷೆ ಪಡೆದು, ಬಾಸೆಲಿನಲ್ಲಿ ಓದಿ, ಮಿಶನರಿಯಾಗಿಯೇ ಮರಳಿದರು. ಹೊಲೆಯ ಸಮುದಾಯದ ಕ್ರೈಸ್ತರಿಗಾಗಿ ಕೊಡಗಿನಲ್ಲಿ ಎದ್ದ ಆನಂದಪುರಕ್ಕೆ ಅವರದೇ ಹೆಸರು. ಆದರೆ ಅಂಥವರು ವಿರಳ.

1914ರಲ್ಲಿ ಯುದ್ಧ ಬಂತು. ಜರ್ಮನ್ ಮಿಶನರಿಗಳನ್ನು ಸರಕಾರ ಅಹಮದ್‌ನಗರದ ಶಿಬಿರಕ್ಕೆ ಸಾಗಿಸಿತು. ಕಾರ್ಖಾನೆಗಳು ಮುಂದೆ ಕಾಮನ್‌ವೆಲ್ತ್ ಟ್ರಸ್ಟ್ ಪಾಲಾದವು. ಹಂಚು ಒತ್ತಿದವರಿಗೆ ಆಗಲೂ ಕಾರ್ಖಾನೆ ಸಿಗಲಿಲ್ಲ. ಸಿಕ್ಕಿದ್ದು ಸಭಾಪಾಲಕರ ಸಂಬಳ, ಶಾಲೆಯ ಖರ್ಚು, ದೇವಾಲಯದ ಸೋರುವ ಮಾಡು. ಹಿರಿಯರ ಸಭೆ ಲೆಕ್ಕ ಹಾಕಲು ಕುಳಿತದ್ದು ಆ ಇಕ್ಕಟ್ಟಿನಲ್ಲಿ. ಹೆಂಗಸರ ಹಿಡಿ ಅಕ್ಕಿಗೆ ಬೆಲೆ ಬಂದದ್ದೂ ಇಂಥ ದಿನಗಳಲ್ಲೇ. ನಮ್ಮ ಕರಾವಳಿಯ ಸಭೆಗಳು ನಿಜವಾಗಿ ಪ್ರಾಯಕ್ಕೆ ಬಂದದ್ದು 1834ರಲ್ಲಲ್ಲ, ಆಗ ಎಂದೇ ನನ್ನ ಎಣಿಕೆ.

ಈಗ ಕೈಗೊಂಚಲು ನಮ್ಮ ಸೊಂಟದಲ್ಲೇ ಇದೆ. ಮಿಶನ್ ಕಾಂಪೌಂಡುಗಳ ಸುತ್ತ ಪೇಟೆ ಬೆಳೆದು ಸೆಂಟ್ಸ್ ಲೆಕ್ಕದಲ್ಲಿ ಬೆಲೆ ಕೇಳುವವರಿದ್ದಾರೆ. ನಮ್ಮ ವಾರ್ಷಿಕ ಮಹಾಸಭೆಯ ಹೆಚ್ಚಿನ ಹೊತ್ತು ಚಂದಾ ಬಾಕಿದಾರರ ಪಟ್ಟಿಗೇ ಹೋಗುತ್ತದೆ. ಮುಂದಿನ ವರ್ಷ ಆ ಪಟ್ಟಿಗೆ ಮೊದಲು ನಮ್ಮ ಕಟ್ಟಡಗಳ ಬಾಡಿಗೆ ಯಾವ ಕೆಲಸಕ್ಕೆ ಹೋಗುತ್ತಿದೆ, ನಮ್ಮ ಶಾಲೆಯ ಆಯಾಗಳಿಗೆ ಎಷ್ಟು ಸಂಬಳ ಕೊಡುತ್ತಿದ್ದೇವೆ ಎಂಬ ಎರಡು ವಿಷಯ ಚರ್ಚೆಗೆ ಬರಲಿ ಎಂದು ಹಿರಿಯರಲ್ಲಿ ಕೇಳಿಕೊಳ್ಳುತ್ತೇನೆ.