ಯಕೃತ್ತಿನ ಕ್ಯಾನ್ಸರಲ್ಲದ ಗಡ್ಡೆಗಳು: ಕಾಂಟ್ರಾಸ್ಟ್ ಎಂಆರ್‌ಐ ಮೂಲಕ ಬಗೆ ಗುರುತಿಸುವಿಕೆ

ಬೇರೆ ತೊಂದರೆಗೆಂದು ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿದಾಗ ಯಕೃತ್ತಿನಲ್ಲಿ ಗಡ್ಡೆ ಕಾಣಿಸುವುದು ಅಪರೂಪವಲ್ಲ. ಸಿರೋಸಿಸ್ ಅಥವಾ ಕ್ಯಾನ್ಸರ್ ಇಲ್ಲದವರಲ್ಲಿ ಇವು ಬಹುಪಾಲು ನಿರಪಾಯಕಾರಿ. ಹೆಮಾಂಜಿಯೋಮ, ಫೋಕಲ್ ನಾಡ್ಯುಲರ್ ಹೈಪರ್‌ಪ್ಲೇಸಿಯಾ (ಎಫ್‌ಎನ್‌ಎಚ್) ಮತ್ತು ಹೆಪಟೋಸೆಲ್ಯುಲರ್ ಅಡಿನೋಮ ಇವುಗಳಲ್ಲಿ ಮುಖ್ಯವಾದವು. ಮೊದಲೆರಡಕ್ಕೆ ಸಾಮಾನ್ಯವಾಗಿ ಚಿಕಿತ್ಸೆ ಬೇಕಾಗದು. ಅಡಿನೋಮ ಮಾತ್ರ ಒಡೆದು ರಕ್ತಸ್ರಾವವಾಗಬಹುದು, ಕೆಲವೊಮ್ಮೆ ಕ್ಯಾನ್ಸರಿಗೆ ತಿರುಗಬಹುದು. ಆದ್ದರಿಂದ ಎಫ್‌ಎನ್‌ಎಚ್ ಮತ್ತು ಅಡಿನೋಮಗಳನ್ನು ಬೇರ್ಪಡಿಸುವುದೇ ಪರೀಕ್ಷೆಯ ಪ್ರಮುಖ ಉದ್ದೇಶ.

ರಕ್ತಸಂಚಾರದ ಹಂತಗಳು

ರಕ್ತನಾಳಕ್ಕೆ ಕೊಡುವ ಗ್ಯಾಡೋಲಿನಿಯಂ ಸಂಯುಕ್ತವು ಟಿ1 ಚಿತ್ರಗಳಲ್ಲಿ ತಾನು ತಲುಪಿದ ಭಾಗವನ್ನು ಬೆಳಗಿಸುತ್ತದೆ. ಅಪಧಮನಿ ಹಂತ, ಪೋರ್ಟಲ್ ಅಭಿಧಮನಿ ಹಂತ ಮತ್ತು ಕೆಲವು ನಿಮಿಷಗಳ ನಂತರದ ತಡ ಹಂತಗಳಲ್ಲಿ ಚಿತ್ರ ತೆಗೆಯುತ್ತಾರೆ. ಹೆಮಾಂಜಿಯೋಮ ಅಂಚಿನಲ್ಲಿ ಬಿಡಿಬಿಡಿ ಗಂಟುಗಳಾಗಿ ಬೆಳಗಿ, ನಿಧಾನವಾಗಿ ಒಳಮುಖವಾಗಿ ತುಂಬಿಕೊಳ್ಳುತ್ತದೆ. ಟಿ2 ಚಿತ್ರದಲ್ಲಿ ಬಹಳ ಬೆಳ್ಳಗಿರುತ್ತದೆ. ಎಫ್‌ಎನ್‌ಎಚ್ ಅಪಧಮನಿ ಹಂತದಲ್ಲಿ ಒಂದೇ ಸಮನೆ ಹೊಳೆಯುತ್ತದೆ. ನಡುವಿನ ಕಲೆ, ಇದ್ದರೆ, ತಡವಾಗಿ ಬೆಳಗುತ್ತದೆ. ಆದರೆ ಅಡಿನೋಮವೂ ಅಪಧಮನಿ ಹಂತದಲ್ಲಿ ಹೊಳೆಯುವುದರಿಂದ, ಕಲೆ ಕಾಣದ ಎಫ್‌ಎನ್‌ಎಚ್‌ನಲ್ಲಿ ಗೊಂದಲ ಉಳಿಯುತ್ತದೆ.

ಯಕೃತ್ಕೋಶಗಳ ಹಂತ

ಈ ಗೊಂದಲವನ್ನು ಬಹುಮಟ್ಟಿಗೆ ಬಿಡಿಸಿದ್ದು ಯಕೃತ್ಕೋಶಗಳೇ ಹೀರಿಕೊಳ್ಳುವ ಕಾಂಟ್ರಾಸ್ಟ್‌ಗಳು. ಇವುಗಳಲ್ಲೊಂದಾದ ಗ್ಯಾಡೋಕ್ಸೆಟೇಟ್‌ಗೆ ಅಮೆರಿಕದಲ್ಲಿ 2008ರಲ್ಲಿ ಅನುಮತಿ ದೊರೆಯಿತು. ಯಕೃತ್ತೂ ಮೂತ್ರಪಿಂಡವೂ ಆರೋಗ್ಯವಾಗಿದ್ದರೆ ಅದರ ಸುಮಾರು ಅರ್ಧ ಭಾಗ ಪಿತ್ತರಸದ ಮೂಲಕ ಹೊರಹೋಗುತ್ತದೆ. ಇಂಥದೇ ಮತ್ತೊಂದಾದ ಗ್ಯಾಡೊಬೆನೇಟ್‌ನಲ್ಲಿ ಈ ಪಾಲು ಶೇ. 3ರಿಂದ 5ರಷ್ಟೇ. ಹೀಗಾಗಿ ಮೊದಲನೆಯದರಲ್ಲಿ ಈ ಹಂತದ ಚಿತ್ರ ಸುಮಾರು 20 ನಿಮಿಷಕ್ಕೆ ಸಿಕ್ಕರೆ, ಎರಡನೆಯದಕ್ಕೆ ಒಂದೆರಡು ಗಂಟೆ ಕಾಯಬೇಕು.

ಕೋಶದ ಹೊರಪೊರೆಯಲ್ಲಿರುವ ಒಎಟಿಪಿ1ಬಿ3 ಎಂಬ ಸಾಗಣೆ ಪ್ರೋಟೀನ್ ಗ್ಯಾಡೋಕ್ಸೆಟೇಟನ್ನು ಒಳಗೆಳೆದುಕೊಳ್ಳುತ್ತದೆ; ಎಂಆರ್‌ಪಿ2 ಅದನ್ನು ಪಿತ್ತನಾಳಿಕೆಗೆ ದಾಟಿಸುತ್ತದೆ. ಎಫ್‌ಎನ್‌ಎಚ್‌ನಲ್ಲಿ ಕೆಲಸ ಮಾಡುವ ಯಕೃತ್ಕೋಶಗಳಿದ್ದರೂ ಅದರ ಪಿತ್ತನಾಳಿಕೆಗಳು ಮುಖ್ಯ ನಾಳಗಳಿಗೆ ಸರಿಯಾಗಿ ಕೂಡಿಕೊಂಡಿರುವುದಿಲ್ಲ. ಒಳಬಂದ ಕಾಂಟ್ರಾಸ್ಟ್ ಅಲ್ಲೇ ತಂಗುವುದರಿಂದ ಗಡ್ಡೆ ಸುತ್ತಲಿನ ಯಕೃತ್ತಿನಷ್ಟೇ ಅಥವಾ ಅದಕ್ಕಿಂತ ಹೆಚ್ಚು ಬೆಳಗುತ್ತದೆ, ಕೆಲವೊಮ್ಮೆ ಉಂಗುರದಂತೆ ಅಂಚಿನಲ್ಲಿ ಮಾತ್ರ. ಹೆಚ್ಚಿನ ಅಡಿನೋಮಗಳಲ್ಲಿ ಒಎಟಿಪಿ1ಬಿ3 ಕಡಿಮೆಯಿರುವುದರಿಂದ ಅವು ಕಪ್ಪಾಗಿ ಕಾಣುತ್ತವೆ. ಗಡ್ಡೆಗೆ ರಕ್ತ ಹೇಗೆ ಬರುತ್ತದೆ ಎಂಬುದಷ್ಟೇ ಅಲ್ಲ, ಅದರ ಕೋಶಗಳು ಏನು ಮಾಡುತ್ತಿವೆ ಎಂಬುದೂ ಇಲ್ಲಿ ತಿಳಿಯುತ್ತದೆ.

ಅಡಿನೋಮದ ಒಳಬಗೆಗಳು

ಎಚ್‌ಎನ್‌ಎಫ್1ಎ ಜೀನ್ ನಿಷ್ಕ್ರಿಯಗೊಂಡ ಬಗೆಯಲ್ಲಿ ಕೊಬ್ಬು ಹರಡಿರುವುದರಿಂದ ಔಟ್-ಆಫ್-ಫೇಸ್ ಚಿತ್ರದಲ್ಲಿ ಗಡ್ಡೆ ಮಸುಕಾಗುತ್ತದೆ. ಉರಿಯೂತದ ಬಗೆ ಟಿ2ರಲ್ಲಿ ಬೆಳ್ಳಗಿದ್ದು, ತಡ ಹಂತದವರೆಗೂ ಹೊಳಪು ಉಳಿಸಿಕೊಳ್ಳುತ್ತದೆ. ಕ್ಯಾನ್ಸರಿನ ಅಪಾಯ ಹೆಚ್ಚಿರುವ ಬೀಟಾ-ಕ್ಯಾಟೆನಿನ್ ಬಗೆಗೆ ಮಾತ್ರ ನಂಬಲರ್ಹ ಚಹರೆಯಿಲ್ಲ. ಅದು ಗ್ಯಾಡೋಕ್ಸೆಟೇಟ್ ಹೀರಿಕೊಂಡು ಎಫ್‌ಎನ್‌ಎಚ್‌ನಂತೆಯೇ ಬೆಳಗಬಹುದು.

ಮಿತಿಗಳು

ಗ್ಯಾಡೋಕ್ಸೆಟೇಟ್ ಬಳಸಿದಾಗ ಸುತ್ತಲಿನ ಯಕೃತ್ತು ಬೇಗ ಬೆಳಗುವುದರಿಂದ ಹೆಮಾಂಜಿಯೋಮ ಕಪ್ಪಾಗಿ ಕಂಡು ಕ್ಯಾನ್ಸರಿನ ಅನುಮಾನ ಹುಟ್ಟಿಸಬಹುದು. ಮೂತ್ರಪಿಂಡದ ವೈಫಲ್ಯವಿರುವವರಲ್ಲಿ ಗ್ಯಾಡೋಲಿನಿಯಂ ಬಳಕೆಗೆ ಎಚ್ಚರ ಬೇಕು. 2017ರಲ್ಲಿ ಯುರೋಪಿನ ಔಷಧ ನಿಯಂತ್ರಕರು ಹಲವು ರೇಖೀಯ ಗ್ಯಾಡೋಲಿನಿಯಂ ಔಷಧಗಳಿಗೆ ತಡೆ ಹಾಕಿದರೂ, ಗ್ಯಾಡೋಕ್ಸೆಟೇಟ್ ಮತ್ತು ಗ್ಯಾಡೊಬೆನೇಟ್‌ಗಳನ್ನು ಯಕೃತ್ತಿನ ಪರೀಕ್ಷೆಗೆ ಉಳಿಸಿಕೊಂಡರು.

2016ರ ಯುರೋಪಿಯನ್ ಯಕೃತ್ ಸಂಘದ ಮಾರ್ಗಸೂಚಿಯಂತೆ, ಪುರುಷರಲ್ಲಿನ ಅಡಿನೋಮವನ್ನು ಗಾತ್ರ ಎಷ್ಟೇ ಇರಲಿ ತೆಗೆಯುವುದು ಸೂಕ್ತ. ಮಹಿಳೆಯರಲ್ಲಿ ಗರ್ಭನಿರೋಧಕ ಮಾತ್ರೆ ನಿಲ್ಲಿಸಿ 6 ತಿಂಗಳ ನಂತರ ಮತ್ತೆ ನೋಡಬೇಕು. ಆಗಲೂ 5 ಸೆಂ.ಮೀ. ಅಥವಾ ಹೆಚ್ಚಿದ್ದರೆ ಶಸ್ತ್ರಚಿಕಿತ್ಸೆ. ನಿರ್ಧಾರ ಇಷ್ಟು ಭಾರದ್ದಾಗಿರುವುದರಿಂದ, ಯಕೃತ್ಕೋಶಗಳ ಹಂತದ ಹೊಳಪೊಂದನ್ನೇ ನೆಚ್ಚಿ ಎಫ್‌ಎನ್‌ಎಚ್ ಎಂದು ವರದಿ ಬರೆಯುವುದು ಸಲ್ಲದು. ಎಲ್ಲ ಹಂತಗಳೂ ಒಂದಕ್ಕೊಂದು ಹೊಂದದಿದ್ದರೆ ಬಯಾಪ್ಸಿಯೇ ದಾರಿ.