ಬಡಾವಣೆಯ ಕೆಫೆಯಲ್ಲಿ ಪಾಸ್ತಾ: ತಟ್ಟೆಯಲ್ಲೇನಿದೆ, ಬಿಲ್ಲಿನಲ್ಲೇನಿದೆ?

ಬೆಂಗಳೂರು: ಇಡ್ಲಿ, ವಡೆ, ದೋಸೆಗಳ ದರಪಟ್ಟಿಯ ಕೆಳತುದಿಯಲ್ಲಿ ಗೋಬಿ ಮಂಚೂರಿ ಬಂದು ಕುಳಿತು ಬಹಳ ಕಾಲವಾಯಿತು. ಈಗ ಅದೇ ಬೀದಿಯ ಪುಟ್ಟ ಕೆಫೆಗಳ ಕಪ್ಪು ಹಲಗೆಯ ಮೇಲೆ ವೈಟ್ ಸಾಸ್ ಪಾಸ್ತಾ, ಅರಾಬಿಯಾತಾ, ಪೆಸ್ತೊ ಎಂಬ ಹೆಸರುಗಳು ಕಾಣಿಸಿಕೊಳ್ಳುತ್ತವೆ. ಒಂದು ಕಾಲಕ್ಕೆ ಪಂಚತಾರಾ ಹೋಟೆಲುಗಳಿಗೆ ಸೀಮಿತವಾಗಿದ್ದ ಈ ತಿನಿಸು ಇಂದು ಕಾಲೇಜು ವಿದ್ಯಾರ್ಥಿಗಳ ಸಂಜೆಯ ಉಪಾಹಾರವೂ ಭಾನುವಾರದ ಕುಟುಂಬದ ಊಟವೂ ಆಗಿದೆ. ಆದರೆ ಹೆಸರು ಕೇಳಿ ತರಿಸಿಕೊಳ್ಳುವವರಲ್ಲಿ ಅದನ್ನು ಯಾವ ಹಿಟ್ಟಿನಿಂದ ಮಾಡುತ್ತಾರೆ, ಅದರ ಮೇಲೆ ಉದುರಿಸಿದ ಚೀಸ್ ಸಸ್ಯಾಹಾರವೇ, ಬಿಲ್ಲಿನ ಕೊನೆಯ ಸಾಲಿನಲ್ಲಿರುವ ಮೊತ್ತ ಯಾವುದಕ್ಕೆ ಎಂಬುದನ್ನು ವಿಚಾರಿಸುವವರು ವಿರಳ.

ಕಡಿಮೆ ಬೆಲೆಗೆ ಹೊರಗೆ ತಿನ್ನುವ ಅಭ್ಯಾಸ ಬೆಂಗಳೂರಿಗೆ ಹೊಸದಲ್ಲ. 1924ರಲ್ಲಿ ಆರಂಭವಾದ ಮಾವಳ್ಳಿ ಟಿಫಿನ್ ರೂಮ್ಸ್, 1943ರಲ್ಲಿ ಗಾಂಧಿಬಜಾರಿನಲ್ಲಿ ತೆರೆದ ವಿದ್ಯಾರ್ಥಿ ಭವನ, 1957ರಲ್ಲಿ ಕಾರ್ಮಿಕರ ಸಹಕಾರ ಸಂಘದ ಕೈಗೆ ಬಂದ ಕಾಫಿ ಹೌಸ್, ಇವೆಲ್ಲ ನಗರದ ನಾಲಿಗೆಯನ್ನು ರೂಪಿಸಿದವು. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಪ್ರಾರಂಭವಾದಾಗ ಕುರ್ಚಿಗಳೂ ಮಾಣಿಗಳೂ ಮಾಯವಾದರು. ಮೊದಲು ಚೀಟಿ, ಬಳಿಕ ತಿಂಡಿ, ನಿಂತೇ ಊಟ. ಗಿರಾಕಿ ಹತ್ತು ನಿಮಿಷದಲ್ಲಿ ಜಾಗ ಬಿಡುವುದರಿಂದ ಕಿರಿದಾದ ಮಳಿಗೆಯಲ್ಲಿಯೂ ಕಡಿಮೆ ದರಕ್ಕೆ ಕೊಡಲು ಸಾಧ್ಯವಾಯಿತು. 1996ರಲ್ಲಿ ಬ್ರಿಗೇಡ್ ರಸ್ತೆಯಲ್ಲಿ ಆರಂಭವಾದ ಕೆಫೆ ಕಾಫಿ ಡೇ ಇದಕ್ಕೆ ತದ್ವಿರುದ್ಧವಾದ ಲೆಕ್ಕಾಚಾರವನ್ನು ತಂದಿತು. ಅಲ್ಲಿ ಮಾರಾಟವಾದದ್ದು ಕಾಫಿಯಷ್ಟೇ ಅಲ್ಲ, ಗಂಟೆಗಟ್ಟಲೆ ಕುಳಿತುಕೊಳ್ಳುವ ಅವಕಾಶವೂ ಹೌದು. ಇಂದಿನ ಪಾಸ್ತಾ ಕೆಫೆಗಳು ಈ ಎರಡನೆಯ ಪರಂಪರೆಗೆ ಸೇರಿದವು. ದರ್ಶಿನಿಯ ಮಸಾಲೆ ದೋಸೆಗಿಂತ ಪಾಸ್ತಾ ಹಲವು ಪಟ್ಟು ದುಬಾರಿಯಾಗಲು ಕುರ್ಚಿಯ ಬಾಡಿಗೆಯೇ ಬಹುಮಟ್ಟಿಗೆ ಕಾರಣ. ಒಬ್ಬರಿಗೆ ಬೇಕಾದ ಒಣ ಪಾಸ್ತಾ 80ರಿಂದ 100 ಗ್ರಾಂ ಮಾತ್ರ. ಬೆಂದಾಗ ಅದರ ತೂಕ ಸುಮಾರು ಎರಡು ಪಟ್ಟಾಗುತ್ತದೆ.

ಶಾವಿಗೆಯ ಬಳಗ

ಪಾಸ್ತಾವನ್ನು ಮಾರ್ಕೊ ಪೋಲೊ ಚೀನಾದಿಂದ ಇಟಲಿಗೆ ತಂದನೆಂಬ ಕಥೆ ಪ್ರಚಲಿತದಲ್ಲಿದೆ. ಇದಕ್ಕೆ ಆಧಾರವಿಲ್ಲ. ಪೋಲೊ ವೆನಿಸ್‌ಗೆ ಮರಳಿದ್ದು 1295ರಲ್ಲಿ. ಆದರೆ 1154ರಷ್ಟು ಹಿಂದೆಯೇ ಅರಬ್ ಭೂಗೋಳಜ್ಞ ಅಲ್ ಇದ್ರಿಸಿ, ಸಿಸಿಲಿಯ ತ್ರಾಬಿಯಾ ಎಂಬಲ್ಲಿ ಎಳೆಎಳೆಯಾದ ಒಣ ಹಿಟ್ಟಿನ ಪದಾರ್ಥವನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಿ ಹಡಗುಗಳಲ್ಲಿ ಸಾಗಿಸುತ್ತಿದ್ದುದನ್ನು ದಾಖಲಿಸಿದ್ದಾನೆ. ಟೊಮೆಟೊ ಮತ್ತು ಮೆಣಸಿನಕಾಯಿ ಅಮೆರಿಕಾ ಖಂಡದಿಂದ ಯೂರೋಪಿಗೆ ಬಂದದ್ದು ಅದಾದ ಎಷ್ಟೋ ಕಾಲದ ನಂತರ. ಹಾಗಾಗಿ ಶತಮಾನಗಳ ಕಾಲ ಇಟಲಿಯ ಪಾಸ್ತಾಕ್ಕೆ ಕೆಂಪು ಬಣ್ಣವೇ ಇರಲಿಲ್ಲ.

ಒಣ ಪಾಸ್ತಾದ ಗುಣ ನಿಂತಿರುವುದು ಡ್ಯೂರಮ್ ಎಂಬ ಗಟ್ಟಿ ಗೋಧಿಯ ಮೇಲೆ. ಇಟಲಿಯಲ್ಲಿ 1967ರ ಕಾನೂನು ಒಣ ಪಾಸ್ತಾವನ್ನು ಈ ಗೋಧಿಯ ರವೆಯಿಂದಲೇ ಮಾಡಬೇಕೆಂದು ವಿಧಿಸಿತು. ಈ ಗೋಧಿ ಕನ್ನಡಿಗರಿಗೆ ಅಪರಿಚಿತವಲ್ಲ. ವಿಜಯಪುರ, ಧಾರವಾಡ ಸೀಮೆಯ ಕಪ್ಪು ಮಣ್ಣಿನಲ್ಲಿ ಡ್ಯೂರಮ್ ತಳಿಗಳನ್ನು ಬೆಳೆಯುತ್ತಾರೆ. ಜವೆಗೋಧಿಯೂ ಅದರ ಹತ್ತಿರದ ಸಂಬಂಧಿಯೇ. ಬೇಸಿಗೆಯಲ್ಲಿ ಉತ್ತರ ಕರ್ನಾಟಕದ ಮನೆಗಳಲ್ಲಿ ಗಟ್ಟಿ ಗೋಧಿಯ ರವೆಯನ್ನು ನಾದಿ, ಮಣೆಯ ಮೇಲೆ ಎಳೆ ತೆಗೆದು, ಕೋಲಿನ ಮೇಲೆ ಒಣಗಿಸುವ ಶಾವಿಗೆಗೂ ಸ್ಪಗೆಟ್ಟಿಗೂ ತತ್ತ್ವದಲ್ಲಿ ವ್ಯತ್ಯಾಸ ಕಡಿಮೆ. ನಮ್ಮದು ಹಾಲು ಬೆಲ್ಲಗಳ ಕಡೆಗೆ ಹೊರಳಿತು, ಅವರದು ಎಣ್ಣೆ ಬೆಳ್ಳುಳ್ಳಿಗಳ ಕಡೆಗೆ.

ಅಗ್ಗದ ದರಕ್ಕೆ ಸಿಗುವ ಕೆಲವು ಪಾಸ್ತಾಗಳಲ್ಲಿ ಮೈದಾ ಅಥವಾ ಸಾಧಾರಣ ಗೋಧಿಯ ರವೆ ಇರುತ್ತದೆ. ಪೊಟ್ಟಣದ ಹಿಂಭಾಗವನ್ನು ಓದಿದರೆ ಇದು ತಿಳಿಯುತ್ತದೆ, ಕೆಫೆಯಲ್ಲಿ ಆ ಅನುಕೂಲವಿಲ್ಲ. ಅಲ್ಲಿ ಹಲ್ಲೇ ಪರೀಕ್ಷಕ. ಡ್ಯೂರಮ್ ಪಾಸ್ತಾ ಬೆಂದ ಮೇಲೂ ಕಚ್ಚಿದಾಗ ತುಸು ಪ್ರತಿರೋಧ ಒಡ್ಡುತ್ತದೆ. ಇಟಲಿಯವರು ಇದನ್ನು ಅಲ್ ದೆಂತೆ ಎನ್ನುತ್ತಾರೆ. ಮೈದಾದ್ದು ಬೇಗನೆ ಮೆತ್ತಗಾಗಿ ಸಾಸ್‌ನಲ್ಲಿ ಕರಗತೊಡಗುತ್ತದೆ. ಆದರೆ ಮೆತ್ತಗಿರುವುದೆಲ್ಲ ಮೈದಾದ್ದೆಂದು ತೀರ್ಮಾನಿಸುವುದು ಸರಿಯಲ್ಲ. ಬಿಡುವಿಲ್ಲದ ಅಡುಗೆಮನೆಗಳಲ್ಲಿ ಪಾಸ್ತಾವನ್ನು ಮೊದಲೇ ಬೇಯಿಸಿ, ಎಣ್ಣೆ ಸವರಿ ಇಟ್ಟುಕೊಂಡು, ಬೇಡಿಕೆ ಬಂದಾಗ ಸಾಸ್‌ನೊಡನೆ ಬಿಸಿ ಮಾಡುವುದುಂಟು. ಫ್ರಿಜ್‌ನಲ್ಲಿಟ್ಟರೆ ಇದು ತಪ್ಪಲ್ಲ. ಬೇಯಿಸಿದ ಅನ್ನದಂತೆಯೇ ಬೆಂದ ಪಾಸ್ತಾವನ್ನೂ ಗಂಟೆಗಟ್ಟಲೆ ಹೊರಗಿಟ್ಟರೆ ವಾಂತಿ ಭೇದಿ ಉಂಟುಮಾಡುವ ಬ್ಯಾಕ್ಟೀರಿಯಾ ಬೆಳೆಯುತ್ತದೆ, ಮತ್ತೆ ಬಿಸಿ ಮಾಡಿದರೂ ಅದು ಉಂಟುಮಾಡಿದ ವಿಷ ನಾಶವಾಗದೇ ಉಳಿಯಬಹುದು. ಹುಳಿ ವಾಸನೆ ಬಂದರೆ ತಟ್ಟೆಯನ್ನು ಹಿಂದಿರುಗಿಸಲು ಸಂಕೋಚಪಡಬೇಕಾಗಿಲ್ಲ.

ಸಾಸ್‌ಗಳಲ್ಲಿ ಅತ್ಯಂತ ಪ್ರಾಮಾಣಿಕವಾದದ್ದು ಆಲ್ಯೊ ಎ ಓಲ್ಯೊ ಎಂಬುದು ಈ ವರದಿಗಾರನ ಅಭಿಪ್ರಾಯ. ಎಣ್ಣೆ, ಬೆಳ್ಳುಳ್ಳಿ, ಒಣಮೆಣಸಿನಕಾಯಿ ಇಷ್ಟೇ; ಸಾಸಿವೆ ಸಿಡಿಸಿದರೆ ನಮ್ಮ ಒಗ್ಗರಣೆ. ಇದರಲ್ಲಿ ಏನನ್ನೂ ಮರೆಮಾಚಲಾಗದು. ಅರಾಬಿಯಾತಾ ಎಂದರೆ ಕೋಪಗೊಂಡದ್ದು ಎಂದರ್ಥ, ಟೊಮೆಟೊ ಸಾಸ್‌ಗೆ ಖಾರ ಬೆರೆತದ್ದು. ವೈಟ್ ಸಾಸ್ ಎಂದು ನಮ್ಮಲ್ಲಿ ಬಡಿಸುವುದು ಬೆಣ್ಣೆಯಲ್ಲಿ ಮೈದಾ ಹುರಿದು ಹಾಲು ಸೇರಿಸಿದ ಬೆಶಮೆಲ್. ದರಪಟ್ಟಿಯಲ್ಲಿ ಇದನ್ನೇ ಅಲ್ಫ್ರೆಡೊ ಎಂದು ಬರೆದು ಹೆಚ್ಚಿನ ಬೆಲೆ ನಮೂದಿಸಿದ್ದರೆ ಪ್ರಶ್ನಿಸಬಹುದು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ರೋಮ್‌ನ ಅಲ್ಫ್ರೆಡೊ ದಿ ಲೇಲಿಯೊ ಪ್ರಸಿದ್ಧಗೊಳಿಸಿದ ಮೂಲ ಪಾಕದಲ್ಲಿ ಇದ್ದದ್ದು ಬೆಣ್ಣೆ ಮತ್ತು ಪಾರ್ಮಿಜಾನೊ ಚೀಸ್ ಮಾತ್ರ. ಕೆನೆ ಸೇರಿದ್ದು ಅಮೆರಿಕಾದಲ್ಲಿ.

ಸಸ್ಯಾಹಾರಿಗಳ ಗಮನಕ್ಕೆ

ಸಸ್ಯಾಹಾರಿಗಳು ಹೆಚ್ಚು ಎಚ್ಚರ ವಹಿಸಬೇಕಾದದ್ದು ಮಾಂಸದ ತುಂಡುಗಳ ಬಗ್ಗೆಯಲ್ಲ, ಏಕೆಂದರೆ ಅವು ಕಣ್ಣಿಗೆ ಕಾಣುತ್ತವೆ. ಕಾಣದೇ ಇರುವುದು ಚೀಸ್. ಇಟಲಿಯ ಅಧಿಕೃತ ಪಾರ್ಮಿಜಾನೊ ರೆಜ್ಜಾನೊ ಚೀಸ್‌ಗೆ ಹಾಲನ್ನು ಹೆಪ್ಪುಗಟ್ಟಿಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ಟನ್ನೇ ಬಳಸಬೇಕೆಂಬ ನಿಯಮವಿದೆ. ಬೇರೆ ಮಾರ್ಗಕ್ಕೆ ಅಲ್ಲಿ ಅವಕಾಶವಿಲ್ಲ. ಹಾಗಾಗಿ ಹೆಸರಿಗೆ ತಕ್ಕ ಪಾರ್ಮಿಜಾನೊ ಬಳಸಿದ ಪೆಸ್ತೊ, ತುಳಸಿಯ ಜಾತಿಯ ಸೊಪ್ಪಿನಿಂದ ಮಾಡಿದ್ದಾದರೂ, ಕಟ್ಟುನಿಟ್ಟಿನ ಸಸ್ಯಾಹಾರಿಗೆ ಸಲ್ಲುವುದಿಲ್ಲ. ಸೂಕ್ಷ್ಮಾಣು ಮೂಲದ ರೆನೆಟ್ ಬಳಸಿದ ಚೀಸ್‌ಗಳು ನಮ್ಮ ಮಾರುಕಟ್ಟೆಯಲ್ಲಿ ಧಾರಾಳವಾಗಿ ಸಿಗುತ್ತವೆ, ಅಗ್ಗದ ಕೆಫೆಗಳಲ್ಲಿ ಸಾಮಾನ್ಯವಾಗಿ ಬಳಕೆಯಾಗುವುದೂ ದೇಶೀಯ ಚೀಸ್. ಇಲ್ಲಿ ಅಗ್ಗದ ಕೆಫೆಯೇ ಮೇಲು ಎಂಬುದು ವಿಚಿತ್ರ ಸತ್ಯ. ಅನುಮಾನವಿದ್ದಲ್ಲಿ ಚೀಸ್‌ನ ಪೊಟ್ಟಣ ತೋರಿಸುವಂತೆ ಕೇಳಿ ಹಸಿರು ಚುಕ್ಕೆಯನ್ನು ನೋಡಬಹುದು. ಮಾಂಸಾಹಾರದ ಗುರುತು ಈಗ ಕಂದು ಚೌಕದೊಳಗಿನ ತ್ರಿಕೋನ.

ಇನ್ನೂ ಕೆಲವು ಇವೆ. ತಾಜಾ ಪಾಸ್ತಾದ ಹಿಟ್ಟಿಗೆ ಮೊಟ್ಟೆ ಸೇರಿಸುವುದು ಉತ್ತರ ಇಟಲಿಯ ಪದ್ಧತಿ. ಕಾರ್ಬೊನಾರಾದಲ್ಲಿ ಮೊಟ್ಟೆಯೂ ಹಂದಿಮಾಂಸವೂ ಇರುತ್ತವೆ. ಸೀಸರ್ ಸಲಾಡ್‌ನ ಸಾಸ್‌ನಲ್ಲಿ ಆಂಚೊವಿ ಎಂಬ ಮೀನು ಇರಬಹುದು. ಗೋಧಿಯ ಗ್ಲುಟೆನ್ ಆಗದವರಿಗೆ ಡ್ಯೂರಮ್ ಕೂಡ ಸುರಕ್ಷಿತವಲ್ಲ, ಜವೆಗೋಧಿಯೂ ಅಲ್ಲ.

ಬಿಲ್ಲನ್ನು ಓದುವುದು

ಸಾಮಾನ್ಯ ರೆಸ್ಟೋರೆಂಟುಗಳಲ್ಲಿ ಜಿಎಸ್‌ಟಿ ಶೇ. 5. ಇದರಲ್ಲಿ ಅರ್ಧ ಕೇಂದ್ರಕ್ಕೆ, ಅರ್ಧ ರಾಜ್ಯಕ್ಕೆ. 2017ರ ನವೆಂಬರ್ 15ರಿಂದ ಹವಾನಿಯಂತ್ರಣ ಇದ್ದರೂ ಇಲ್ಲದಿದ್ದರೂ ಇದೇ ದರ ಜಾರಿಯಲ್ಲಿದೆ. 400 ರೂಪಾಯಿಯ ಊಟಕ್ಕೆ 20 ರೂಪಾಯಿ ತೆರಿಗೆ ಸೇರಿ 420 ಆಗಬೇಕು. ಇದಕ್ಕೆ ಶೇ. 10ರ ಸೇವಾ ಶುಲ್ಕ ಸೇರಿಸಿದರೆ 440 ರೂಪಾಯಿ, ಅದರ ಮೇಲೆ ತೆರಿಗೆ 22, ಒಟ್ಟು 462. ಅಂದರೆ ಗಿರಾಕಿ ಕೇಳದೇ ಕೊಟ್ಟದ್ದು 42 ರೂಪಾಯಿ. ಸೇವಾ ಶುಲ್ಕ ಸರ್ಕಾರದ ತೆರಿಗೆಯಲ್ಲ. ಅದನ್ನು ಬಿಲ್ಲಿಗೆ ತಾನಾಗಿ ಸೇರಿಸಕೂಡದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿತು. 2025ರ ಮಾರ್ಚ್ 28ರಂದು ದೆಹಲಿ ಹೈಕೋರ್ಟ್ ಇದನ್ನು ಎತ್ತಿಹಿಡಿಯಿತು. ಹೋಟೆಲ್ ಉದ್ಯಮದ ಸಂಘಟನೆಗಳು ಈ ತೀರ್ಪಿನ ವಿರುದ್ಧ ಮೇಲ್ಮನವಿ ಸಲ್ಲಿಸಿದವು. ಬಡಿಸಿದವರಿಗೆ ಮೆಚ್ಚಿ ಕೈಯಲ್ಲಿ ಕೊಡುವ ಟಿಪ್ಸ್ ಬೇರೆ ಮಾತು.

ರಾಜಿ ತೆರಿಗೆ ಯೋಜನೆಯಡಿ ಇರುವ ಸಣ್ಣ ಹೋಟೆಲುಗಳು ಗಿರಾಕಿಯಿಂದ ಜಿಎಸ್‌ಟಿ ವಸೂಲು ಮಾಡುವಂತಿಲ್ಲ. ನೋಂದಣಿ ಇಲ್ಲದ ಕೆಫೆಯೂ ವಸೂಲು ಮಾಡುವಂತಿಲ್ಲ. ಬಿಲ್ಲಿನಲ್ಲಿ ತೆರಿಗೆಯ ಸಾಲು ಇದ್ದು ಜಿಎಸ್‌ಟಿ ಸಂಖ್ಯೆ ಇಲ್ಲವೆಂದರೆ ಕಾರಣ ಕೇಳತಕ್ಕದ್ದು. ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಗಳ ಪರವಾನಗಿ ಅಥವಾ ನೋಂದಣಿ ಸಂಖ್ಯೆಯೂ 2022ರ ಜನವರಿಯಿಂದ ಬಿಲ್ಲಿನಲ್ಲಿ ಕಡ್ಡಾಯ. ಬಾಟಲಿ ನೀರಿಗೆ ಮುದ್ರಿತ ಬೆಲೆಗಿಂತ ಹೆಚ್ಚು ಪಡೆಯಲು ಹೋಟೆಲುಗಳಿಗೆ ಸುಪ್ರೀಂ ಕೋರ್ಟ್ 2017ರಲ್ಲಿ ಅವಕಾಶ ನೀಡಿದೆಯಾದ್ದರಿಂದ, ಮಾಣಿ ಬಾಟಲಿ ತೆರೆಯುವ ಮೊದಲೇ ಸಾದಾ ನೀರು ಸಾಕೆಂದು ಹೇಳಿಬಿಡುವುದು ಒಳಿತು.

2025ರ ಸೆಪ್ಟೆಂಬರ್ 22ರಿಂದ ಪೊಟ್ಟಣದ ಪಾಸ್ತಾ, ಬೆಣ್ಣೆ, ಚೀಸ್‌ಗಳ ಮೇಲಿನ ತೆರಿಗೆ ಶೇ. 12ರಿಂದ ಶೇ. 5ಕ್ಕೆ ಇಳಿಯಿತು. ಶೇ. 5ರ ದರದಲ್ಲಿರುವ ರೆಸ್ಟೋರೆಂಟುಗಳಿಗೆ ತಾವು ಕೊಂಡ ಸಾಮಗ್ರಿಯ ಮೇಲೆ ಕಟ್ಟಿದ ತೆರಿಗೆಯನ್ನು ಹಿಂಪಡೆಯುವ ಸೌಲಭ್ಯ ಇಲ್ಲ. ಆದ್ದರಿಂದ ಈ ಇಳಿಕೆ ನೇರವಾಗಿ ಅವರ ಖರ್ಚಿನಲ್ಲಿಯೇ ಆದ ಉಳಿತಾಯ. ಅದೇ ವೇಳೆಗೆ ಮಳಿಗೆ ಬಾಡಿಗೆಯ ಮೇಲಿನ ಶೇ. 18ರ ಜಿಎಸ್‌ಟಿ ಹಾಗೆಯೇ ಉಳಿದಿದೆ, ಅದೂ ಹಿಂದಿರುಗುವುದಿಲ್ಲ. ಪಾಸ್ತಾದ ದರ ಇಳಿಯಲಿಲ್ಲವೇಕೆಂದು ಕೇಳಿದರೆ ಮಾಲೀಕರು ಬಾಡಿಗೆಯತ್ತ ಬೆರಳು ತೋರಿಸುವುದರಲ್ಲಿ ಅರ್ಧ ಸತ್ಯವಂತೂ ಇದೆ.

ಸೇವಾ ಶುಲ್ಕ ಕೈಬಿಡಲು ಕೆಫೆಯವರು ಒಪ್ಪದಿದ್ದರೆ ಬಿಲ್ಲನ್ನು ಜೋಪಾನವಾಗಿಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಕನ್ನಡದಲ್ಲಿಯೂ ದೂರು ದಾಖಲಿಸಲು ಅವಕಾಶವಿದೆ.