ಆಟದ ಮೈದಾನದಿಂದ ಸಭಾಪತಿ ಪೀಠಕ್ಕೆ



"ಮೇಷ್ಟ್ರಾದರೆ ಮುಂದೇನು?" ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಮುಖ್ಯೋಪಾಧ್ಯಾಯರಾಗಬಹುದು, ಹೆಚ್ಚೆಂದರೆ ಬಿ.ಇ.ಓ. ಆಗಬಹುದು ಎಂಬುದು ಎಲ್ಲರೂ ಕೊಡುವ ಉತ್ತರ. ಶ್ರೀ ಬಸವರಾಜ ಹೊರಟ್ಟಿಯವರ ಜೀವನದಲ್ಲಿ ಇನ್ನೊಂದು ಉತ್ತರವಿದೆ.

ಮುಧೋಳ ತಾಲ್ಲೂಕಿನ ಯಡಹಳ್ಳಿಯಲ್ಲಿ 1946ರಲ್ಲಿ ಜನಿಸಿದ ಅವರು ಹುಬ್ಬಳ್ಳಿಯ ಲ್ಯಾಮಿಂಗ್ಟನ್ ಶಾಲೆಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕರಾಗಿದ್ದರು. ನಮ್ಮ ಮಾತಿನಲ್ಲಿ ಪಿ.ಟಿ. ಮೇಷ್ಟ್ರು. 1980ರಲ್ಲಿ ಪಶ್ಚಿಮ ಶಿಕ್ಷಕರ ಕ್ಷೇತ್ರದಿಂದ ವಿಧಾನ ಪರಿಷತ್ತಿಗೆ ಆಯ್ಕೆಯಾದರು. ಪಕ್ಷ ಬದಲಾದರೂ ಕ್ಷೇತ್ರ ಬದಲಾಗಲಿಲ್ಲ. 2022ರಲ್ಲಿ ಸತತ ಎಂಟನೆಯ ಬಾರಿ ಗೆದ್ದರು. 2021ರಲ್ಲಿ ಪರಿಷತ್ತಿನ ಸಭಾಪತಿಯಾದರು, 2022ರ ಡಿಸೆಂಬರ್‌ನಲ್ಲಿ ಮತ್ತೊಮ್ಮೆ ಆ ಪೀಠವೇರಿದರು.

2006-07ರಲ್ಲಿ ಅವರು ಶಿಕ್ಷಣ ಸಚಿವರು. ಕನ್ನಡ ಮಾಧ್ಯಮಕ್ಕೆಂದು ಅನುಮತಿ ಪಡೆದು ಇಂಗ್ಲಿಷಿನಲ್ಲಿ ಪಾಠ ಮಾಡುತ್ತಿದ್ದ ಎರಡು ಸಾವಿರಕ್ಕೂ ಹೆಚ್ಚು ಶಾಲೆಗಳ ಮಾನ್ಯತೆ ರದ್ದತಿಗೆ ಸರ್ಕಾರ ಆಗ ಮುಂದಾಯಿತು. ಕೆಲವರು ಮೆಚ್ಚಿದರು, ಪೋಷಕರು ಕಂಗಾಲಾದರು. ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಶಿಕ್ಷಕರು ಅಧಿಕಾರಕ್ಕೆ ಬಂದ ಮಾತ್ರಕ್ಕೆ ಶಾಲೆಯ ಪ್ರಶ್ನೆಗಳು ಸುಲಭವಾಗುವುದಿಲ್ಲ ಎಂಬುದಕ್ಕೆ ಇದೇ ಸಾಕ್ಷಿ.

ಇಷ್ಟಕ್ಕೂ ಈ ದಾರಿ ತೆರೆದದ್ದು ಸಂವಿಧಾನದ 171ನೇ ವಿಧಿ. ನಮ್ಮ ಪರಿಷತ್ತಿನ 75 ಸ್ಥಾನಗಳಲ್ಲಿ 7 ಶಿಕ್ಷಕರಿಗೆ, 7 ಪದವೀಧರರಿಗೆ ಮೀಸಲು. ನಮ್ಮ ಚಾಮರಾಜನಗರ ಜಿಲ್ಲೆ ದಕ್ಷಿಣ ಶಿಕ್ಷಕರ ಕ್ಷೇತ್ರಕ್ಕೆ ಸೇರಿದೆ. ಆದರೆ ಪ್ರೌಢಶಾಲೆ ಹಾಗೂ ಅದಕ್ಕೂ ಮೇಲಿನ ಸಂಸ್ಥೆಗಳಲ್ಲಿ, ಹಿಂದಿನ ಆರು ವರ್ಷಗಳಲ್ಲಿ ಮೂರು ವರ್ಷವಾದರೂ ಪಾಠ ಮಾಡಿದವರಿಗೆ ಮಾತ್ರ ಇಲ್ಲಿ ಮತ. ಅಲಿಫ್-ಬೇ, ಅ-ಆ ತಿದ್ದಿಸುವ ಪ್ರಾಥಮಿಕ ಶಾಲೆಯ ಶಿಕ್ಷಕರಿಗೆ ಇಲ್ಲ! ಅಕ್ಷರ ಕಲಿಸುವವರೇ ಶಿಕ್ಷಕರ ಮತಪಟ್ಟಿಯ ಹೊರಗಿರುವುದು ನ್ಯಾಯವೇ? ನೀವೇ ಯೋಚಿಸಿ.

ಹಾಗೆಂದು ಸುಮ್ಮನೆ ಕೂರಬೇಕಾಗಿಲ್ಲ. ಪದವಿ ಪಡೆದು ಮೂರು ವರ್ಷವಾದ ಯಾರೇ ಆಗಲಿ ಪದವೀಧರರ ಕ್ಷೇತ್ರದಲ್ಲಿ ಹೆಸರು ಸೇರಿಸಬಹುದು. ಇದಕ್ಕೆ ನಮೂನೆ 18, ಶಿಕ್ಷಕರ ಕ್ಷೇತ್ರಕ್ಕೆ ನಮೂನೆ 19. ಮಾಮೂಲಿ ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ಸಾಲದು. ಈ ಪಟ್ಟಿ ಪ್ರತಿ ಚುನಾವಣೆಗೂ ಹೊಸದಾಗಿ ತಯಾರಾಗುತ್ತದೆ, ಪ್ರತಿ ಸಲವೂ ಅರ್ಜಿ ಕೊಡಬೇಕು. ಎಷ್ಟೋ ವಿದ್ಯಾವಂತರು ಮತ ಕಳೆದುಕೊಳ್ಳುವುದು ಇದು ತಿಳಿಯದೆ.

ವಿದ್ಯಾರ್ಥಿಗಳೇ, ನಿಮ್ಮಲ್ಲೆಲ್ಲರೂ ಸಭಾಪತಿಗಳಾಗಲಾರಿರಿ. ಆದರೆ ಪದವಿ ಮುಗಿಸಿ ಆ ಅರ್ಜಿಯನ್ನು ತುಂಬುವುದು ಪ್ರತಿಯೊಬ್ಬರಿಗೂ ಸಾಧ್ಯ. ಮನೆಯಲ್ಲಿ ಪದವೀಧರ ಅಕ್ಕಂದಿರಿದ್ದರೆ ಅವರಿಗೂ ಇಂದೇ ತಿಳಿಸಿ.